ಬೊಂಬಾಯಿಯಲ್ಲಿ ಇಟಲಿ ಹೋಟೆಲು ಹುಡುಕಿದ್ದು

ಆಯುಷ್ಯದಲ್ಲಿ ಒಂದೇ ಒಂದು ಸಲ ನಾನು ಇಟಲಿ ಊಟದ ಹೋಟೆಲು ಹುಡುಕಿದ್ದೇನೆ. ಅದೂ ಬೊಂಬಾಯಿಯಲ್ಲಿ, ಬೇಸಿಗೆಯಲ್ಲಿ, ರೈಲಿನಲ್ಲಿ ಕೂತು ಕೂತು ಜಡ್ಡುಗಟ್ಟಿದ ಸೊಂಟ ಹೊತ್ತುಕೊಂಡು. ಇವತ್ತಿಗೂ ಯಾರಾದರೂ ಒಳ್ಳೆಯ ಹೋಟೆಲು ಯಾವುದೆಂದು ಕೇಳಿದರೆ ನನಗೆ ಮೊದಲು ಆಗುವುದು ಸುಸ್ತು. ಹಸಿವು ಆಮೇಲಿನ ಮಾತು.

ಅದು ಎಂಬತ್ತರ ದಶಕದ ಆರಂಭ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡು ಇತ್ತು. ಅದರಲ್ಲಿ ಅಣ್ಣನೂ ನಾನೂ ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದೆವು. ಆರು ಹೊಲಿಗೆ ಯಂತ್ರಗಳು. ಐದರ ಮುಂದೆ ಸಂಬಳದ ದರ್ಜಿಗಳು, ಆರನೆಯದರ ಮುಂದೆ ನಮ್ಮ ಅಕ್ಕ. ಅವಳು ಅಣ್ಣನಿಗಿಂತ ಚಿಕ್ಕವಳು, ನನಗಿಂತ ದೊಡ್ಡವಳು. ಸಿರುಗುಪ್ಪದ ಗಂಡನ ಮನೆಯಿಂದ ಎರಡು ವರ್ಷದ ಹಿಂದೆ ಟ್ರಂಕು ಹಿಡಿದು ವಾಪಸು ಬಂದಿದ್ದಳು. ಗಂಡ ಕೈ ಮಾಡುತ್ತಿದ್ದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಪ್ಪ ತೀರಿದ ಮೇಲೆ ಮನೆಗೆ ಅಣ್ಣನೇ ಯಜಮಾನ. ಕೆಟ್ಟವನಲ್ಲ. ಆದರೆ 'ನಾಲ್ಕು ಜನ ಏನಂದಾರು' ಎನ್ನುತ್ತಾರಲ್ಲ, ಆ ನಾಲ್ಕು ಜನ ಅವನ ತಲೆಯಲ್ಲೇ ಬಾಡಿಗೆಗಿದ್ದರು. ಅಕ್ಕ ಯಾಕೆ ತವರಿನಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ, "ಕೆಲಸ ಭಾಳ ಐತ್ರಿ, ಆಕಿ ಇಲ್ಲಾಂದ್ರ ಶೆಡ್ ನಡಿಯೂದಿಲ್ಲ" ಎನ್ನುತ್ತಿದ್ದ. ಅಕ್ಕನಿಗೆ ನಮ್ಮ ಮನೆಯಲ್ಲಿ ಜಾಗವಿದ್ದದ್ದು ಆ ಯಂತ್ರದ ನೆಪದಲ್ಲಿ.

ನಮ್ಮ ಮಾಲು ಕೊಳ್ಳುತ್ತಿದ್ದವನು ಬೊಂಬಾಯಿಯ ಒಬ್ಬ ವ್ಯಾಪಾರಿ. ಆ ವರ್ಷ ನಮ್ಮ ಕಾಗದಗಳಿಗೆ ಅವನಿಂದ ಉತ್ತರ ಬರುವುದು ನಿಂತಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಹೇಳಿದ: "ಈ ಸಲ ಆರ್ಡರ್ ಬರಲಿಲ್ಲಂದ್ರ ಶೆಡ್ ಮುಚ್ಚೂದ. ಆಕಿನ್ನ ಸಿರುಗುಪ್ಪಕ್ಕ ಬಿಟ್ಟು ಬರೂಣು. ಅವ್ರೂ ಹೇಳಿ ಕಳಿಸ್ಯಾರ."

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ. ನಾನು ಗಂಗಾಳದಲ್ಲಿ ಕಣ್ಣಿಟ್ಟು, "ನಾ ಬೊಂಬಾಯಿಗೆ ಹೋಗಿ ಮಾತಾಡ್ಕೊಂಡು ಬರ್ತೀನಿ" ಎಂದೆ. ನನಗೆ ನಾನೇ ದೊಡ್ಡ ವೀರನ ಹಾಗೆ ಕಂಡೆ.

ಬೊಂಬಾಯಿಯ ವ್ಯಾಪಾರಿ ಚಹಾ ಕೊಟ್ಟ. ನಾನು ಒಯ್ದಿದ್ದ ಪ್ಯಾಂಟು ತಿರುವಿ ಒಳಹೊಲಿಗೆ ನೋಡಿ ತಲೆದೂಗಿದ. ಆಮೇಲೆ ಹಿಂದಿಯಲ್ಲಿ, ಬೇರೆಯವರೂ ಆರ್ಡರ್ ಕೇಳುತ್ತಿದ್ದಾರೆ, ನಾಳೆ ಸಂಜೆ ಊಟಕ್ಕೆ ಕೂತು ಮಾತಾಡೋಣ ಎಂದ. ಈಚೆಗೆ ತನಗೆ ಇಟಲಿ ಊಟದ ರುಚಿ ಹತ್ತಿದೆ, ಜಾಗ ನೀನೇ ಆರಿಸು, ನೀನು ಎಂಥವನೆಂದು ಅದರಲ್ಲೇ ತಿಳಿಯುತ್ತದೆ ಎಂದು ನಕ್ಕ. ಮಂಡಕ್ಕಿ-ಮಿರ್ಚಿಯ ಊರಿನವನಿಗೆ ಒಡ್ಡಿದ ಪರೀಕ್ಷೆ ಅದು. ನಾನು ಹೂಂ ಎಂದೆ. ಇಟಲಿಯ ಬಗ್ಗೆ ನನಗೆ ಗೊತ್ತಿದ್ದದ್ದು ಸಾಲೆಯ ಭೂಪಟದಲ್ಲಿ ಅದು ಬೂಟಿನ ಹಾಗಿದೆ ಎಂಬುದಷ್ಟೇ.

ಆದರೆ ಹೋಟೆಲು ಆರಿಸುವ ವಿದ್ಯೆ ನಮ್ಮ ಮನೆತನಕ್ಕೆ ಗೊತ್ತಿಲ್ಲದ್ದೇನಲ್ಲ. ಕುರುಗೋಡಿನಲ್ಲಿದ್ದ ನಮ್ಮಜ್ಜ ಬೀಗರನ್ನು ಬಳ್ಳಾರಿಯ ಖಾನಾವಳಿಗೆ ಕರೆದೊಯ್ಯಬೇಕಾದರೆ, ಹಿಂದಿನ ದಿನವೇ ಬಂದು ತಾನೊಬ್ಬನೇ ಉಂಡು ಹೋಗುತ್ತಿದ್ದ. ತಾನು ಉಣ್ಣದ ಕಡೆ ನೆಂಟರನ್ನು ಕೂರಿಸುವುದು ಅವನ ಪ್ರಕಾರ ಮೋಸ. ಉಣ್ಣುವ ಮೊದಲು ಹಿಂದಕ್ಕೆ ಹೋಗಿ ಹಿತ್ತಲು ನೋಡುತ್ತಿದ್ದ. "ಮುಂಬಾಗಲಾ ಸುಳ್ಳು ಹೇಳ್ತೈತಿ, ಹಿತ್ತಲಾ ಹೇಳೂದಿಲ್ಲ" ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ನಾನೂ ಅದೇ ವಿದ್ಯೆ ಹಿಡಿದು ಹೊರಟೆ.

ಮೊದಲನೆಯದು ಸಮುದ್ರದ ಕಡೆಯ ದೊಡ್ಡ ಹೋಟೆಲು. ಬಾಗಿಲಲ್ಲಿ ರುಮಾಲು ಕಟ್ಟಿದವನು ನನ್ನ ಚಪ್ಪಲಿ ನೋಡಿದ, ನಾನೂ ನೋಡಿಕೊಂಡೆ. ಒಳಗೆ ಕೆಂಪು ಬಟ್ಟೆ ಹಾಸಿದ ಮೇಜು, ಹಾಡುವವನೊಬ್ಬ, ಹಗಲಲ್ಲೇ ದೀಪ. ತಂದಿಟ್ಟ ಪದಾರ್ಥ ಆರಿ ತಣ್ಣಗಾಗಿ ಗೋಂದಿನಂತೆ ಹಲ್ಲಿಗೆ ಹಿಡಿಯಿತು. ಹಿಂದಿನ ಗಲ್ಲಿಗೆ ಹೋಗಿ ನೋಡಿದರೆ ಮೂಗು ಮುಚ್ಚಿಕೊಳ್ಳಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದುಕೊಂಡು ನಡೆದೆ.

ಎರಡನೆಯದರಲ್ಲಿ ಸುಟ್ಟ ಎಣ್ಣೆಯ ವಾಸನೆ. ಮೂರನೆಯದರಲ್ಲಿ, ಮಾಂಸಕ್ಕೂ ತರಕಾರಿಗೂ ಸೌಟು ಬೇರೆ ಬೇರೆಯೇ ಎಂದು ಕೇಳಿದೆ. ನಾವು ಲಿಂಗವಂತರು, ವ್ಯಾಪಾರಿಯೂ ಸಸ್ಯಾಹಾರಿ, ಕೇಳಲೇಬೇಕು. ಬಡಿಸುವವನು ಒಳಗಿದ್ದವರನ್ನು ಕರೆದು ನನ್ನ ಪ್ರಶ್ನೆ ಹೇಳಿ ನಗಿಸಿದ. ಬಿಸಿಲು ನೆತ್ತಿಗೇರಿತ್ತು. ಹಿಮ್ಮಡಿ ಒಡೆದು ಉರಿಯುತ್ತಿತ್ತು. ಒಂದು ಹೊತ್ತಿನ ಊಟಕ್ಕಾಗಿ ಒಬ್ಬ ಮನುಷ್ಯ ಇಷ್ಟು ನಡೆಯಬೇಕೇ ಎಂದು ನನಗೆ ಸಿಟ್ಟು ಬಂತು, ವ್ಯಾಪಾರಿಯ ಮೇಲೆ, ಇಟಲಿಯ ಮೇಲೆ, ಕೊನೆಗೆ ಅಜ್ಜನ ಮೇಲೂ.

ನಾಲ್ಕನೆಯದನ್ನು ಒಬ್ಬ ಪಾನ್ ಅಂಗಡಿಯವನು ತೋರಿಸಿದ. ಕಾರು ಹೋಗದ ಗಲ್ಲಿ, ಆರೇ ಮೇಜು. ಹಿಂದಕ್ಕೆ ಹೋದೆ. ನೆಲ ತೊಳೆದು ಒಣಗಿತ್ತು. ಯಾವುದೋ ಕಾಲದಲ್ಲಿ ಇಟಲಿಯವರ ಮನೆಯಲ್ಲಿ ಅಡುಗೆ ಕಲಿತಿದ್ದ ಗೋವೆಯ ಮುದುಕಿಯೊಬ್ಬಳು ಹಿಟ್ಟು ಲಟ್ಟಿಸಿ, ಸಣ್ಣಗೆ ಕೊಯ್ದು, ಕೋಲಿನ ಮೇಲೆ ಹರವುತ್ತಿದ್ದಳು. ಥೇಟು ನಮ್ಮ ಮನೆಯ ಶ್ಯಾವಿಗೆಯ ಹಾಗೆ. ತನ್ನ ಊಟಕ್ಕೂ ಅದನ್ನೇ ಬಡಿಸಿಕೊಂಡಳು, ನನಗೂ ಕೊಟ್ಟಳು. ಟೊಮ್ಯಾಟೊ, ಬೆಳ್ಳುಳ್ಳಿ, ಏನೋ ಒಂದು ಸೊಪ್ಪು. ದಿನವೆಲ್ಲ ಅಲೆದವನ ಬಾಯಿಗೆ ಅದು ಅಮೃತವಾಯಿತು. ಆ ಕ್ಷಣ ನನಗೆ ಖಾತ್ರಿಯಾಯಿತು, ಅಕ್ಕ ಉಳಿದಳು ಎಂದು. ವ್ಯಾಪಾರಿಯ ಅಂಗಡಿಗೆ ಫೋನು ಮಾಡಿ ವಿಳಾಸ ಕೊಟ್ಟೆ.

ಸಂಜೆ ಅವನು ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಕಾರನ್ನು ಗಲ್ಲಿಯ ತುದಿಯಲ್ಲಿ ಬಿಟ್ಟು, ಬಿಳಿ ಬೂಟು ಹಾಕಿದ ಕಾಲನ್ನು ಎತ್ತಿ ಎತ್ತಿ ಇಡುತ್ತ ನಡೆದು ಬಂದ. ಮೇಜು, ಗೋಡೆ, ಗೋಡೆಯ ಕ್ಯಾಲೆಂಡರು, ಎಲ್ಲವನ್ನೂ ನೋಡಿದ. ಕುಡಿಯಲು ಏನು ಸಿಗುತ್ತದೆ ಎಂದು ಗೆಳೆಯನೊಬ್ಬ ಕೇಳಿದ. ನೀರು, ಎಂದಳು ಮುದುಕಿ.

ಆದರೂ ಮೂವರೂ ಗಡದ್ದಾಗಿ ಉಂಡರು. ವ್ಯಾಪಾರಿ ಮೂರು ಸಲ ಹಾಕಿಸಿಕೊಂಡ, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದ. ನಾನು ನಮ್ಮ ಕಡೆಯ ಪದ್ಧತಿಯಂತೆ ಕೂರದೆ ನಿಂತು, ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡುತ್ತಿದ್ದೆ. ಕೈ ತೊಳೆದು ಬಂದು ಅವನು ಸಮಾಧಾನದಿಂದಲೇ ಹೇಳಿದ: "ಊಟ ಚೆನ್ನಾಗಿತ್ತು. ಆದರೆ ಇವರಿಬ್ಬರನ್ನು ಇಂಥ ಗಲ್ಲಿಗೆ ಕರೆತಂದೆನೆಂದು ನಾಳೆ ಬಜಾರೆಲ್ಲ ನಗುತ್ತದೆ. ನನ್ನನ್ನು ಎಲ್ಲಿ ಕೂರಿಸಬೇಕು ಎಂದು ತಿಳಿಯದವನು ನನ್ನ ಮಾಲು ಎಲ್ಲಿ ಹೋಗುತ್ತದೆ, ಯಾರು ತೊಡುತ್ತಾರೆ ಎಂದು ಹೇಗೆ ತಿಳಿದಾನು?" ಆರ್ಡರ್ ಬೇರೆಯವರ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಳ್ಳಾರಿಗೆ ಬಂದು ಹೇಳಿದಾಗ ಅಣ್ಣ ಬೈಯಲಿಲ್ಲ. "ಆತು ಬಿಡು" ಎಂದ. ಹದಿನೈದು ದಿನಕ್ಕೆ ಯಂತ್ರಗಳನ್ನು ಕೊಳಗಲ್ಲಿನ ಒಬ್ಬರು ಖರೀದಿಸಿ ಬಂಡಿಯಲ್ಲಿ ಹೇರಿಕೊಂಡು ಹೋದರು. ಅಕ್ಕನ ಯಂತ್ರವೂ ಹೋಯಿತು. ಅದರ ಮಾರನೆಯ ಬೆಳಿಗ್ಗೆ ಅಕ್ಕನನ್ನು ಬಸ್ಸಿಗೆ ಬಿಡಲು ನಾನೇ ಹೋದೆ. ಅಣ್ಣನಿಗೆ ಕೆಲಸವಿತ್ತು.

ಸಿರುಗುಪ್ಪದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಒಳಗೆ ಕಿಟಕಿಯ ಪಕ್ಕ ಅವಳನ್ನು ಕೂರಿಸಿ ನಾನೂ ಪಕ್ಕದಲ್ಲಿ ಕೂತೆ. ಟ್ರಂಕು ಕಾಲ ಬಳಿ ಇತ್ತು. ಅಕ್ಕ ಬೊಂಬಾಯಿಯ ಊಟದ ಸುದ್ದಿ ತೆಗೆದಳು. ನಾನು ಹೋಟೆಲುಗಳ ಕಥೆಯನ್ನೆಲ್ಲ ಹೇಳಿದೆ, ಸೌಟಿನ ಮಾತಿಗೆ ಅವಳು ನಕ್ಕಳು. ಹಿಟ್ಟನ್ನು ಹೇಗೆ ನಾದುತ್ತಾರೆ, ಬಿಸಿಲಿಗೆ ಹಾಕುತ್ತಾರೋ ನೆರಳಿಗೋ ಎಂದು ಕೇಳಿದಳು.

"ಚಲೋ ಹೋಟೆಲ್ ಆರಿಸಿದ್ದಿ ಬಿಡು" ಎಂದಳು. "ತಪ್ಪು ನಿಂದಲ್ಲ."

ನನಗೆ ಎದೆ ಹಗುರಾಯಿತು. ನಾಚಿಕೆಗೆಟ್ಟು ಹೇಳುತ್ತೇನೆ, ಆ ಮಾತು ಕೇಳಲೆಂದೇ ನಾನು ಅಷ್ಟುದ್ದ ಕಥೆ ಹೇಳಿದ್ದು.

ಅಕ್ಕ ಕಿಟಕಿಯ ಆಚೆ ನೋಡುತ್ತ, ಅದೇ ದನಿಯಲ್ಲಿ ಕೇಳಿದಳು: "ಅಷ್ಟು ದೂರ ಹೋಗಿ, ಗೊತ್ತಿಲ್ಲದ ಊರಾಗ, ಗೊತ್ತಿಲ್ಲದ ಊಟ ಹುಡಿಕ್ಯಾಡಿದಿ. ಮನ್ಯಾಗ ಅಣ್ಣನ ಮುಂದ 'ಅಕ್ಕ ಇಲ್ಲೇ ಇರ್ಲಿ, ಕೆಲಸ ಇರ್ಲಿ ಬಿಡ್ಲಿ' ಅಂತ ಒಂದ ಮಾತು ಅನ್ನಾಕ ನಿನಗ ಯಾಕ ಆಗಲಿಲ್ಲಪ್ಪಾ?"

ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದ. ಬೇಕಾದಷ್ಟು ಹೊತ್ತಿತ್ತು. ನಾನು ಎದ್ದು, ಟ್ರಂಕು ಮೇಲೆ ಕಟ್ಟಿಸಿ ಬರುತ್ತೇನೆಂದು ಅದನ್ನೆತ್ತಿಕೊಂಡು ಬಸ್ಸಿನಿಂದ ಕೆಳಗಿಳಿದೆ.