ಬಾಗಿಲಲ್ಲಿ ನಿಂತವಳು

ಹೋದ ವಾರ ತಿಕೋಟಾ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ಮುದುಕರ ಹೆಗಲ ಮೇಲೊಂದು ಕಂಬಳಿ ಇತ್ತು. ತೊರವಿ ದಾಟುವ ಹೊತ್ತಿಗೆ ಬಿಸಿಲೇರಿ, ಉಣ್ಣೆಯ ಆ ಗಾಟು ವಾಸನೆ ಬಸ್ಸನ್ನೆಲ್ಲ ತುಂಬಿತು. ಮುಂದಿನ ಸೀಟಿನಲ್ಲಿದ್ದ ನನ್ನ ವಿದ್ಯಾರ್ಥಿನಿಯರು ಮೂಗಿಗೆ ದುಪಟ್ಟಾ ಹಿಡಿದರು. ಆಪ್ತ ಸಮಾಲೋಚನೆ ಕಲಿಯುತ್ತಿರುವ ಅವರನ್ನು ತರಬೇತಿಗೆಂದು ಅಲ್ಲಿಯ ಶಾಲೆಗೆ ಬಿಡಲು ಹೊರಟಿದ್ದೆ. ನನಗೆ ಮೂಗು ಮುಚ್ಚಿಕೊಳ್ಳುವ ಮನಸ್ಸಾಗಲಿಲ್ಲ. ಅದೇ ವಾಸನೆ ಹೊತ್ತು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಹುಡುಗಿಯೊಬ್ಬಳು ನೆನಪಾದಳು...

ನಾನೂ ಹಿಂದೊಮ್ಮೆ ಇವರ ಹಾಗೆಯೇ ಅದೇ ರಸ್ತೆಯ ಒಂದು ಶಾಲೆಗೆ ತರಬೇತಿಗೆ ಹೋಗಿದ್ದೆ. ಆಟದ ಸಾಮಾನಿನ ಕೋಣೆಯ ಮಗ್ಗುಲಲ್ಲಿ ನನಗೊಂದು ಮೇಜು, ಎರಡು ಕುರ್ಚಿ ಕೊಟ್ಟಿದ್ದರು. ಮೊದಲ ದಿನ ಒಂಬತ್ತನೆಯ ತರಗತಿಗೆ ಹೋಗಿ, ‘ಏನಽ ಇರ್ಲಿ, ಯಾವಾಗ ಬೇಕಾದ್ರೂ ಬಂದ ನನ್ನ ಕೇಳ್ರಿ’ ಎಂದು ದೊಡ್ಡದಾಗಿ ಹೇಳಿದ್ದೆ. ಹೇಳುವಾಗ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತ್ತು.

ಆದರೆ ನನ್ನ ತಲೆಯಲ್ಲಿ ಇದ್ದದ್ದು ಮಕ್ಕಳಲ್ಲ, ರೆಕಾರ್ಡ್ ಪುಸ್ತಕ. ಐದು ಸಿದ್ಧಾಂತ, ಒಂದೊಂದಕ್ಕೆ ಒಂದೊಂದು ಮಗು. ಹಾಗೆ ಐದು ಕೇಸು ಬರೆದು ಒಪ್ಪಿಸಬೇಕಿತ್ತು. ನಾಲ್ಕು ಮುಗಿದಿದ್ದವು. ವರ್ತನಾ ಸಿದ್ಧಾಂತ ಒಂದು ಉಳಿದಿತ್ತು. ಅದಕ್ಕೆ ಹೊಂದುವ ಮಗು ಎಲ್ಲಿ ಸಿಕ್ಕೀತು ಎಂದು, ಕುಪ್ಪಸದ ಬಟ್ಟೆಗೆ ಸೀರೆ ಹುಡುಕುವವಳ ಹಾಗೆ, ವರಾಂಡದಲ್ಲಿ ಕಣ್ಣು ಹಾಯಿಸುತ್ತಿದ್ದೆ.

ಆಗ ಸಿಕ್ಕವಳು ಇವಳು. ಕಳ್ಳಕವಟಗಿ ಕಡೆಯ ಕುರಿಗಾರರ ಮನೆಯವಳು. ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಮೈಯಿಂದ ಕುರಿಯ ವಾಸನೆ ಬರುತ್ತದೆಂದು ಉಳಿದವರು ಸರಿದು ಕೂರುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ ನನ್ನ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು.

‘ನೀರ ತರ್ಲೇನ್ರಿ ಮ್ಯಾಡಮ್?’

ಬೇಡ ಎಂದರೆ ಹೋಗುತ್ತಿದ್ದಳು. ಮುಂದಿನ ತಾಸಿಗೆ ಮತ್ತೆ ಬಂದು ಕಸ ಹೊಡೆಯಲೇ ಎಂದು ಕೇಳುತ್ತಿದ್ದಳು, ಇಲ್ಲವೆ ಬಸ್ಸಿನ ವೇಳೆ ವಿಚಾರಿಸುತ್ತಿದ್ದಳು. ಅವಳ ತರಗತಿಯ ಮಾಸ್ತರರನ್ನು ಕೇಳಿದೆ. ಅವರು ನಕ್ಕು, ‘ಪಾಠ ತಪ್ಪಸಾಕ ಹಂಗ ತಿರಗ್ತಾಳ್ರಿ. ನೀವ್ ಮಾತಾಡ್ಸಬ್ಯಾಡ್ರಿ, ಮತ್ತಷ್ಟ ಹಚ್ಗೋತಾಳ’ ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಗಮನ ಸೆಳೆಯುವ ವರ್ತನೆ ಎಂದು ಅದೇ ದಿನ ರೆಕಾರ್ಡಿನಲ್ಲಿ ಬರೆದೆ.

ಗಮನ ಕೊಡದಿದ್ದರೆ ಅಂಥ ವರ್ತನೆ ತಾನಾಗಿ ನಿಲ್ಲುತ್ತದೆ ಎಂದು ಓದಿದ್ದೆ. ಮರುದಿನದಿಂದ ಅವಳು ಬಂದರೆ ತಲೆ ಎತ್ತುವುದನ್ನು ಬಿಟ್ಟೆ. ಉತ್ತರವನ್ನೂ ಕೊಡಲಿಲ್ಲ. ಅವಳು ನಿಂತಿರುವಾಗಲೇ ಅವಳ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದೆ. ಮೊದಲ ವಾರ ದಿನಕ್ಕೆ ಐದು ಗೀಟು, ಆರು ಗೀಟು. ಎರಡನೆಯ ವಾರ ಎಂಟು, ಒಂಬತ್ತು, ಒಂದು ದಿನವಂತೂ ಹನ್ನೊಂದು. ನನಗೆ ಹಿಗ್ಗೋ ಹಿಗ್ಗು. ನಿಲ್ಲುವ ಮೊದಲು ಇಂಥ ವರ್ತನೆ ಒಮ್ಮೆ ಹೆಚ್ಚಾಗುತ್ತದೆ ಎಂದು ಪುಸ್ತಕದಲ್ಲಿ ಇತ್ತು, ಅದೇ ನನ್ನ ಕಣ್ಣೆದುರು ನಡೆಯುತ್ತಿತ್ತು! ಹನ್ನೊಂದು ಗೀಟು ಬಿದ್ದ ದಿನ ಅವಳು ಏನೂ ಕೇಳದೆ ಸುಮ್ಮನೆ ನಿಂತು, ‘ಮ್ಯಾಡಮ್...’ ಎಂದಷ್ಟೇ ಅನ್ನುತ್ತಿದ್ದಳು. ನಾನು ಬರೆಯುತ್ತಲೇ ಇದ್ದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ದಿನದ ಗೀಟು ಎಣಿಸಿ ರೆಕಾರ್ಡಿನಲ್ಲಿ ಬಿಡಿಸುತ್ತಿದ್ದ ಗ್ರಾಫಿನ ಗೆರೆ ಸೊನ್ನೆಗೆ ಬಂದಿತ್ತು.

ಒಳ್ಳೆಯ ವರ್ತನೆಗೆ ಮೆಚ್ಚುಗೆ ಹೇಳಬೇಕು, ಅದೂ ಸಿದ್ಧಾಂತವೇ. ಊಟದ ಬಿಡುವಿನಲ್ಲಿ ಅವಳನ್ನು ಕರೆಸಿ, ‘ಈಗ ಶಾಣ್ಯಾಕಿ ಆದಿ ನೋಡವಾ’ ಎಂದು ಒಂದು ಹೊಸ ಪೆನ್ನು ಕೊಡಹೋದೆ. ಅವಳು ತಗ್ಗಿಸಿದ ತಲೆ ಎತ್ತಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

‘ಹಾಸ್ಟೆಲ್ ಫಾರ್ಮ್ ತುಂಬೂದಿತ್ರಿ. ನಮ್ಮಪ್ಪಗ ನೀವ್ ಒಂದ್ ಮಾತ ಹೇಳ್ರಿ ಅಂತ ಕೇಳಾಕ ಬರ್ತಿದ್ನಿರಿ. ಮೊನ್ನಿಗಿ ತಾರೀಖ ಮುಗೀತ್ರಿ.’

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬಸ್ಸು ಹೋಯಿತು ಎಂದು ಹೇಳುವ ಹಾಗೆ ಹೇಳಿದಳು. ಉಳಿದದ್ದನ್ನು ನಾನೇ ಕೇಳಿ ಕೇಳಿ ಹೊರಗೆ ತೆಗೆದೆ, ಹದಿನೈದು ದಿನ ತಡವಾಗಿ. ತಂದೆ ತಾಯಿ ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಇವಳು ಅಜ್ಜಿಯ ಹತ್ತಿರ ಇರುತ್ತಿದ್ದಳು. ಆ ವರ್ಷ ಅಜ್ಜಿ ತೀರಿಕೊಂಡಿದ್ದರು. ಊರಿಗೆ ಬಂದಿದ್ದ ತಂದೆ ತಾಯಿ ಮತ್ತೆ ಹೊರಡುವಾಗ ಹಾಸ್ಟೆಲ್ ಸಿಕ್ಕಿದ್ದರೆ ಶಾಲೆ, ಇಲ್ಲದಿದ್ದರೆ ಕುರಿಯ ಹಿಂದೆ. ತಂದೆ ಒಪ್ಪುತ್ತಿರಲಿಲ್ಲ, ಶಾಲೆಯವರು ಯಾರಾದರೂ ಹೇಳಿದರೆ ಕೇಳಿಯಾರು ಎಂದು ಅವಳಿಗೆ ಆಸೆ. ಯಾವಾಗ ಬೇಕಾದರೂ ಬನ್ನಿ ಅಂದವಳು ಇಡೀ ಶಾಲೆಯಲ್ಲಿ ನಾನೊಬ್ಬಳೇ.

ಆಗಲೂ ಏನಾದರೂ ಮಾಡಬಹುದಿತ್ತು. ಹಾಸ್ಟೆಲ್ಲಿಗೆ ಹೋಗಿ ವಾರ್ಡನ್ನರ ಕೈಕಾಲು ಹಿಡಿಯಬಹುದಿತ್ತು, ಕಳ್ಳಕವಟಗಿಗೆ ಹೋಗಿ ಅವಳ ತಂದೆಯನ್ನು ಕಾಣಬಹುದಿತ್ತು. ನಾನು ಹೋಗಲಿಲ್ಲ. ಹೋದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರಲ್ಲ. ಗೀಟು ಎಳೆಯುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ? ‘ಮುಂದಿನ ವರ್ಷ ನೋಡೂಣವಾ’ ಎಂದೆ. ‘ಹೂಂನ್ರಿ’ ಎಂದು ಹೋದಳು. ನನಗೆ ನಾಚಿಕೆಯಾಗಿತ್ತು, ಆದರೆ ರೆಕಾರ್ಡಿನ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಒಪ್ಪಿಸಿದಾಗ ಕಾಲೇಜಿನ ನನ್ನ ಗೈಡ್ ಆ ಗ್ರಾಫನ್ನೇ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ನಾನು ಮುಗುಳ್ನಕ್ಕೆ.

ತರಬೇತಿ ಮುಗಿದ ಮೇಲೆ ಒಂದು ಸಹಿಗೆಂದು ಶಾಲೆಗೆ ಹೋದಾಗ ಕೊನೆಯ ಬೆಂಚು ಖಾಲಿ ಇತ್ತು. ಮಾಸ್ತರರು, ‘ಆಕಿ ಕುರಿ ಸಂಗಾಟ ಹೋಗ್ಯಾಳ್ರಿ’ ಎಂದರು. ಆಮೇಲೆ ಅವಳ ಸುದ್ದಿ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಹೋಗಲಿಲ್ಲ ಎನ್ನುವುದೇ ಖರೆ...

ಈಗ ನಾನೇ ಕಲಿಸುವವಳು. ಎಷ್ಟೋ ವರ್ಷದಿಂದ ಇದೇ ಕೇಸನ್ನು ಕರಿಹಲಗೆಯ ಮೇಲೆ ಬಿಡಿಸಿ, ಗೆರೆ ಸೊನ್ನೆಗೆ ಇಳಿದಲ್ಲಿಗೆ ಪಾಠ ಮುಗಿಸುತ್ತ ಬಂದಿದ್ದೇನೆ. ಹೋದ ವಾರ ಆ ಬಸ್ಸು ಇಳಿದು ಶಾಲೆಯ ಕಡೆ ನಡೆಯುವಾಗ ಒಬ್ಬ ವಿದ್ಯಾರ್ಥಿನಿ ತಾನಾಗಿ ಕೇಳಿದಳು.

‘ಮ್ಯಾಡಮ್, ಕ್ಲಾಸಿನ್ಯಾಗ ಹೇಳಿದ್ರಲ್ಲ ಆ ಹುಡುಗಿ, ಆಕಿ ಆಮ್ಯಾಲ ಏನಾದ್ಲ್ರಿ?’

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ‘ಸಾಲಿ ಬಿಟ್ಲು. ನಾನಽ ಬಿಡಿಸಿದ್ನಿ’ ಎಂದೆ. ಗೇಟಿನ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ನನಗೆ ಸಮಾಧಾನ ಹೇಳಬೇಕು ಎಂದು ಅವಳಿಗೆ ಅನ್ನಿಸಿರಬೇಕು, ಮೆಲ್ಲಗೆ ಕೇಳಿದಳು: ‘ಈಗ ಎಲ್ಲ್ಯರ ಸಿಕ್ರ ಗುರ್ತ ಹಿಡೀತೀರಲ್ರಿ, ಮಾತಾಡಸ್ಬಹುದಲ್ರಿ?’

ಆ ಹುಡುಗಿಯ ದನಿ ನೆನಪಿದೆ. ಚೌಕಟ್ಟು ಹಿಡಿದ ಬೆರಳುಗಳು ನೆನಪಿವೆ. ಮುಖ ಎಷ್ಟು ಯೋಚಿಸಿದರೂ ಬರಲಿಲ್ಲ. ಆ ಹದಿನೈದು ದಿನ ನಾನು ತಲೆ ಎತ್ತಿರಲಿಲ್ಲ.