ಮದುವೆ ಕೋಟಿನ ಇಂಟರ್‌ವ್ಯೂ

“ಮೇ ಐ ಕಮಿನ್ ಸರ್?” ಎಂದು ನಮ್ಮದೇ ಮನೆಯ ಚಾವಡಿಗೆ ಅಂಜುತ್ತಾ ಕಾಲಿಟ್ಟೆ. ಮರುದಿನ ಮಂಗಳೂರಿನಲ್ಲಿ ಮೆಡಿಕಲ್ ಸೀಟಿನ ಇಂಟರ್‌ವ್ಯೂ ಇತ್ತು. ಅಭ್ಯಾಸ ಮಾಡಿಸಲು ನೆರೆಮನೆಯ ಲಿಗೋರಿ ಮಾಸ್ಟ್ರು ನಮ್ಮೂರು ಎಡನೀರಿನ ಆ ಉರಿಬಿಸಿಲಿನಲ್ಲಿ ತಮ್ಮ ಮದುವೆಯ ಕೋಟು ತೊಟ್ಟು ಬಂದು ಗಂಭೀರವಾಗಿ ಕುಳಿತಿದ್ದರು. ಅವರ ಹಣೆಯ ಬೆವರು ಕಂಡದ್ದೇ, ಬಾಯಿಪಾಠದ ಇಂಗ್ಲಿಷೆಲ್ಲ ಮರೆತು, ನೆಂಟರಿಗೆ ಕೇಳುವ ಹಾಗೆ, “ಬಾಯಾರಿಕೆಗೆ ಎಂತ ಬೇಕು ಮಾಸ್ಟ್ರೇ? ಬೆಲ್ಲ ನೀರು ತರಲಾ?” ಎಂದುಬಿಟ್ಟೆ. ಒಳಗೆ ಅಮ್ಮ ಹಣೆ ಚಚ್ಚಿಕೊಂಡರು.

ಮಾಸ್ಟ್ರು ನಗಲಿಲ್ಲ. ಕೋಟು ಬಿಚ್ಚಿ, ನಾನು ತಂದ ಬೆಲ್ಲ ಕಚ್ಚಿ, ಚೊಂಬು ನೀರನ್ನು ಪೂರ್ತಿ ಕುಡಿದರು. “ನಾನು ಸೀಟು ಕೊಟ್ಟೆ ಮಗಳೇ. ನಾಳೆಯವರದ್ದು ನನಗೆ ಗೊತ್ತಿಲ್ಲ” ಎಂದರು.

ನಾಳೆಯವರು ಕೊಡಲಿಲ್ಲ. ಮರುವರ್ಷ ಮಾಸ್ಟ್ರು ಅದೇ ಕೋಟಿನಲ್ಲಿ, ಕರೆಯದೆಯೇ ಬಂದು ಕುಳಿತರು. ಆ ಸಲ ಸಿಕ್ಕಿತು. ಮೂವತ್ತು ವರ್ಷವಾದರೂ, ಬಿಸಿಲಲ್ಲಿ ನನ್ನ ಕ್ಲಿನಿಕ್ಕಿಗೆ ಬಂದವರಿಗೆ ನನ್ನ ಮೊದಲ ಪ್ರಶ್ನೆ ಬಾಯಾರಿಕೆಯದ್ದೇ.