ಹಳದಿ ಕಲೆಯ ಪಂಚೆ

ಚಿಕ್ಕಯ್ಯನ ಪಂಚೆಗಳಿಗೆಲ್ಲ ಎಡ ಸೊಂಟದ ಹತ್ತಿರ ಅಂಗೈಯಗಲದ ಒಂದು ಹಳದಿ ಕಲೆ ಇರುತ್ತಿತ್ತು. ಸೇವಂತಿಗೆಯ ಕಲೆ. ಹೆಮ್ಮಾಡಿಯಲ್ಲಿ ಹೂ ಕೊಯ್ಯುವವರೆಲ್ಲ ಬುಟ್ಟಿ ಹಿಡಿಯುತ್ತಾರೆ. ಚಿಕ್ಕಯ್ಯ ಮಾತ್ರ ಪಂಚೆಯ ತುದಿಯನ್ನು ಎತ್ತಿ ಎಡ ಸೊಂಟಕ್ಕೆ ಸಿಕ್ಕಿಸಿ, ಚೀಲದ ಹಾಗೆ ಮಾಡಿಕೊಂಡು, ಸಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದರು. ಬಲಗೈಯಲ್ಲಿ ಕೊಯ್ದದ್ದು ಎಡ ಮಡಿಲಿಗೆ. ಚಿಕ್ಕಮ್ಮ ಎಷ್ಟು ತಿಕ್ಕಿದರೂ ಆ ಕಲೆ ಹೋಗುತ್ತಿರಲಿಲ್ಲ.

"ಬುಟ್ಟಿ ಹಿಡದ್ರೆ ಇವ್ರ ಕೈ ಮುರಿತ್ತಾ ಕೇಣ್" ಎಂದು ಅವರು ನನ್ನ ಹತ್ತಿರ ದೂರುತ್ತಿದ್ದರು.

"ಬುಟ್ಟಿಗ್ ಹಾಕ್ರೆ ಅಡಿ ಹೂಗ್ ಅಪ್ಪಚ್ಚಿ ಆತ್ತ್" ಎನ್ನುವುದು ಚಿಕ್ಕಯ್ಯನ ಉತ್ತರ. ಅರೆಬಿರಿದ ಹೂವನ್ನು ಕೊಯ್ಯಲು ಬಿಡುತ್ತಿರಲಿಲ್ಲ. "ಅದ್ಕೇ ಅವಸರ ಇಲ್ಲೆ, ನಿಂಗೆಂತಕೆ ಹೆಣೆ?"

ನಾನು ಆರನೆಯ ತರಗತಿಯಲ್ಲಿರುವಾಗ ಅಪ್ಪಯ್ಯ ತೀರಿಕೊಂಡರು. ಆಮೇಲೆ ಹತ್ತನೆಯ ತರಗತಿಯವರೆಗೆ ಓದಿಸಿ, ಬ್ರಹ್ಮಾವರಕ್ಕೆ ಮದುವೆ ಮಾಡಿಕೊಟ್ಟವರು ಅಪ್ಪಯ್ಯನ ಈ ತಮ್ಮ. ಅವರಿಗೆ ಮಕ್ಕಳಿರಲಿಲ್ಲ. ನಾನು ಅವರ ಮಗಳಲ್ಲ ಎಂದು ಅವರಿಗೂ ನೆನಪಿರಲಿಲ್ಲ, ನನಗೂ ನೆನಪಿರಲಿಲ್ಲ.

ಅವಸರವಿಲ್ಲದ ಆ ಸ್ವಭಾವವೇ ಅವರಿಗೆ ಮುಳುವಾಯಿತೇನೋ. ರಕ್ತ ಹೋಗಲು ಶುರುವಾಗಿ ವರ್ಷದ ಮೇಲಾಗಿದ್ದರೂ ಯಾರಿಗೂ ಹೇಳಿರಲಿಲ್ಲ. ಮೂಲವ್ಯಾಧಿ ಎಂದುಕೊಂಡು, ಕೆರಾಡಿ ಬದಿಯ ಒಬ್ಬರು ಕೊಟ್ಟ ಬೇರನ್ನು ಮಜ್ಜಿಗೆಯಲ್ಲಿ ಅರೆದು ಕುಡಿಯುತ್ತಿದ್ದರು. ಒಗೆಯಲು ಹಾಕುವ ಮೊದಲೇ ಪಂಚೆಯನ್ನು ತಾವೇ ನೆನೆಸಿಡುವುದನ್ನು ಕಂಡು ಚಿಕ್ಕಮ್ಮ ಅನುಮಾನಪಟ್ಟು ನನಗೆ ಫೋನ್ ಮಾಡಿದರು. ನಾನು ಹೋಗಿ ಜಗಳ ಮಾಡಿದೆ.

"ಆ ಜಾಗದ್ ಸುದ್ದಿ ಯಾರ್ ಹತ್ರ ಹೇಳುದ್?" ಎಂದರು, ನೆಲ ನೋಡುತ್ತ.

ದೊಡ್ಡ ಆಸ್ಪತ್ರೆಯಲ್ಲಿ ಗುದನಾಳದ ಕ್ಯಾನ್ಸರ್ ಎಂದರು. ಮುಂದುವರಿದಿದೆ ಎಂದರು. ಮೊದಲು ಕರೆಂಟ್ ಕೊಡುವುದು, ಅಂದರೆ ರೇಡಿಯೇಷನ್, ಜೊತೆಗೆ ಕೀಮೋ. ಆ ಒಂದೂವರೆ ತಿಂಗಳು ಚಿಕ್ಕಯ್ಯ ಬ್ರಹ್ಮಾವರದ ನಮ್ಮ ಮನೆಯಲ್ಲಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಬಸ್ಸಿನಿಂದ ಇಳಿದ ಕೂಡಲೇ ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು ಆಸ್ಪತ್ರೆಯೊಳಗೆ ನಡೆಯುವುದು ಅವರ ಅಭ್ಯಾಸ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿಗೆ ಬರುವ ಗಿರಾಕಿಗಳು ಆಸ್ಪತ್ರೆಯಲ್ಲೂ ಸಿಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಈಗ ಬರೆಯಲು ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಆಪರೇಷನ್‌ಗೆ ಸೇರಿಸುವ ದಿನ ನನ್ನ ಗಂಡನ ಪ್ಯಾಂಟು, ಬೆಲ್ಟು ಕೊಟ್ಟು, "ಇವತ್ತೊಂದಿನ ಇದ್ನ ಹಾಯ್ಕಣಿ ಚಿಕ್ಕಯ್ಯ, ದೊಡ್ಡ ಡಾಕ್ಟ್ರು ಕಾಂತ್ರ್" ಎಂದೆ. ಅವರು ಹಾಕಿಕೊಂಡರು. ಕನ್ನಡಿ ನೋಡಿ, "ಬ್ಯಾಂಕಿನವ್ನ್ ಕಂಡಂಗೆ ಕಾಂತೆ" ಎಂದು ನಕ್ಕರು.

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಎಡಗಡೆ ಒಂದೇ ಒಂದು ತೂತು. ಕ್ಯಾಮೆರಾ, ಕತ್ತರಿ ಎಲ್ಲವೂ ಅದರಿಂದಲೇ ಒಳಗೆ ಹೋಗುತ್ತವೆ. ಕೊನೆಗೆ ಕರುಳಿನ ತುದಿಯನ್ನು ಅದೇ ತೂತಿಗೆ ತಂದು ಹೊಲಿಯುತ್ತಾರೆ. ಇನ್ನು ಮಲವೆಲ್ಲ ಅಲ್ಲಿಂದ, ಹೊರಗೆ ಅಂಟಿಸಿದ ಚೀಲಕ್ಕೆ. ಕೆಳಗಿನ ದಾರಿಯನ್ನು ತೆಗೆದು ಮುಚ್ಚುತ್ತಾರೆ, ಆ ಗಾಯ ಮಾಗಲು ತಿಂಗಳುಗಳು ಬೇಕು.

"ಗಾಯ ಸಣ್ಣದಾದರೆ ಬೇಗ ಏಳಬಹುದು, ಅಷ್ಟೇ. ರೋಗ ಸಣ್ಣದು ಅಂತ ತಿಳಿಯಬೇಡಿ" ಎಂದು ಡಾಕ್ಟರು ನನ್ನನ್ನು ನೋಡಿ ಹೇಳಿದರು. ನಾನು ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡೆ.

ಚಿಕ್ಕಯ್ಯ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೆ, ಸಂಕ್ರಾಂತಿಗೆ ಹೂಗ್ ಕೊಯ್ಲಕ್ಕಾ?"

"ಕೆಳಗಿನ ಗಾಯ ಮಾಗಿದರೆ ಕೊಯ್ಯಬಹುದು."

ಆಮೇಲೆ ಒಬ್ಬ ನರ್ಸ್ ಬಂದು, ಚೀಲ ಎಲ್ಲಿ ಕೂರಬೇಕೆಂದು ಗುರುತು ಹಾಕಲು ಅವರನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿದಳು. ಬೆಲ್ಟಿನ ಜಾಗಕ್ಕೆ ಬೆರಳಿಟ್ಟು ಕೇಳಿದಳು. "ದಿನಾ ಪ್ಯಾಂಟೇ ಹಾಕುವುದಾ ಅಜ್ಜ? ಬೆಲ್ಟ್ ಇಲ್ಲೇ ಬರುವುದಾ?"

ಚಿಕ್ಕಯ್ಯ ಒಮ್ಮೆ ನನ್ನ ಮುಖ ನೋಡಿದರು. "ಹೌದ್" ಎಂದರು.

ಅವಳು ಬೆಲ್ಟಿಗೆ ತಾಗದ ಹಾಗೆ, ಅದರಿಂದ ನಾಲ್ಕು ಬೆರಳು ಮೇಲೆ ನೀಲಿ ಶಾಯಿಯಲ್ಲಿ ಸೊನ್ನೆ ಬರೆದಳು. ನಾನು ಪಕ್ಕದಲ್ಲೇ ಇದ್ದೆ. ನನಗೆ ಏನೂ ಹೊಳೆಯಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ಚಿಕ್ಕಯ್ಯ ಮರುದಿನವೇ ಎದ್ದು ನಿಂತರು, ಮೂರನೆಯ ದಿನ ಗಂಜಿ ಕುಡಿದರು. ಹೆಮ್ಮಾಡಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಿರಾಸೆ. ಪಕ್ಕದ ಮನೆಯ ಅಕ್ಕ ಅಂಗಿ ಎತ್ತಿಸಿಯೇ ನೋಡಿದರು.

"ಹ್ವಾಯ್, ಎಲ್ ಕೊಯ್ದ್ರ್? ಚೀಲ ಬಿಟ್ರೆ ಎಂತದೂ ಕಾಂತಿಲ್ಲೆ!"

"ಒಂದೇ ತೂತ್ ಮಾರಾಯ್ತಿ. ನಿನ್ ಬಾಯಿ ಇದ್ಕಿಂತ ದೊಡ್ಡದಿತ್ತ್."

ನಾವೆಲ್ಲ ನಕ್ಕೆವು. ಇಷ್ಟು ಸಣ್ಣ ತೂತಿನಿಂದ ಹೊರಗೆ ಬಂದ ರೋಗ ಎಷ್ಟು ದೊಡ್ಡದಿದ್ದೀತು ಎಂದು ನನ್ನ ಮನಸ್ಸೂ ಹೇಳುತ್ತಿತ್ತು.

ಆಸ್ಪತ್ರೆಯ ನಿಲುವಂಗಿ, ಮನೆಗೆ ಬಂದ ಮೇಲೆ ಸಡಿಲ ಚಡ್ಡಿ. ಹೀಗೆ ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕಯ್ಯ ಪಂಚೆ ಉಡಲು ಹೊರಟರು. ನಾನು ಕಾಫಿ ತಂದಾಗ ಕೋಣೆಯ ಮಧ್ಯದಲ್ಲಿ ಪಂಚೆಯ ಎರಡು ತುದಿ ಹಿಡಿದು ಸುಮ್ಮನೆ ನಿಂತಿದ್ದರು. ಅವರು ಹೊಕ್ಕುಳಿನ ಮಟ್ಟಕ್ಕೆ ಬಿಗಿದು ಉಡುವವರು. ಪಂಚೆಯ ಗಂಟು ಸರಿಯಾಗಿ ಆ ತೂತಿನ ಮೇಲೆ ಬರುತ್ತಿತ್ತು. ಬಿಗಿದರೆ ಚೀಲ ಕಳಚುತ್ತಿತ್ತು, ಸಡಿಲ ಬಿಟ್ಟರೆ ಪಂಚೆ ಜಾರುತ್ತಿತ್ತು. ನಲವತ್ತು ವರ್ಷ ಹೂವು ತುಂಬಿಕೊಂಡ ಜಾಗದಲ್ಲೇ ಆ ಚೀಲ ಕೂತಿತ್ತು.

ನಾನು ಲೋಟ ಕೆಳಗಿಟ್ಟೆ. "ಪಂಚೆ ಉಡುದ್ ಅಂದೇಳಿ ಅವತ್ತೇ ಹೇಳುಕಾಗ್ದಾ ಚಿಕ್ಕಯ್ಯ?"

"ನೀ ಅಲ್ಲೇ ನಿಂತಿದ್ದೆ. ಪ್ಯಾಂಟ್ ನಿನ್ ಗಂಡಂದ್. ನಾ ಅಲ್ಲ ಅಂದ್ರೆ ಆ ಹೆಣ್ಣಿನೆದ್ರ್ ನಿನ್ ಮುಖ ಸಣ್ಣ ಆತ್ತಿತ್ತ್."

ನಾನು ಅಳುವುದನ್ನು ಕಂಡು, "ಅವಸರ ಎಂತಕೆ? ಕಾಂಬ" ಎಂದರು. ಪಂಚೆಯನ್ನು ಮಡಚಿ ಹಲಗೆಯ ಮೇಲಿಟ್ಟು, ಕಾಫಿ ಕುಡಿದರು.

ಮಳೆ ನಿಂತ ಮೇಲೆ ಚಿಕ್ಕಮ್ಮ ಸಸಿ ನೆಟ್ಟರು. ಚಿಕ್ಕಯ್ಯ ದಂಡೆಯ ಮೇಲೆ ತಲೆದಿಂಬು ಹಾಕಿ ವಾರೆಯಾಗಿ ಕೂತು, "ಅದ್ ಸೊಟ್ಟ ಆಯ್ತ್, ಇದ್ ಒತ್ತಾಯ್ತ್" ಎಂದು ಅವರ ತಲೆ ತಿಂದರು. ಕೆಳಗಿನ ಗಾಯ ನಿಧಾನವಾಗಿ ಮಾಗಿತು, ಆದರೆ ಕುಕ್ಕರುಗಾಲಿನಲ್ಲಿ ಕೂರಲು ಆಗಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ನಾನು ರಜೆ ಹಾಕಿ ಹೋದೆ. ಬಿಸಿಲು ಏರಿರಲಿಲ್ಲ. ಅಂಗಳದಿಂದಲೇ ಕಂಡಿತು. ಚಿಕ್ಕಯ್ಯ ಪಂಚೆಯನ್ನು ಎಂದಿಗಿಂತ ಕೆಳಗೆ ಇಳಿಸಿ ಉಟ್ಟು, ಸಾಲಿನ ನಡುವೆ ಗೋಣಿ ಹಾಸಿ, ಅದರ ಮೇಲೆ ಮೊಣಕಾಲೂರಿ ನಿಂತು ಕೊಯ್ಯುತ್ತಿದ್ದರು. ಒಂದು ಸಾಲು ಮುಗಿಯುವುದರೊಳಗೆ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡರು. ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ. ಅವರೇ ಕಂಡು ಕೂಗಿದರು. "ಹ್ವಾಯ್ ಬಟ್ಟೆ ಅಂಗ್ಡಿಯವ್ರೆ, ಕಾಂಬುಕ್ ಬಂದದ್ದಾ, ಕೊಯ್ಯುಕ್ ಬಂದದ್ದಾ?"

ನಾನು ಬುಟ್ಟಿ ಹಿಡಿದು ಗದ್ದೆಗೆ ಇಳಿದೆ. ಮಧ್ಯಾಹ್ನದವರೆಗೆ ಇಬ್ಬರೂ ಕೊಯ್ದೆವು. ಅವರ ಮಡಿಲಿನ ಕಡೆಗೆ ನಾನು ಬೇಕೆಂದೇ ನೋಡಲಿಲ್ಲ.

ಬೇಸಿಗೆಯಲ್ಲಿ ಚಿಕ್ಕಯ್ಯನ ಕಣ್ಣು ಹಳದಿಯಾಯಿತು. ರೋಗ ಯಕೃತ್ತಿಗೆ ಹೋಗಿತ್ತು. ಡಾಕ್ಟರು ಅಂದು ಹೇಳಿದ ಎರಡನೆಯ ಮಾತು ಆಗ ನನಗೆ ಪೂರ್ತಿ ಕೇಳಿಸಿತು. ಆಟಿ ತಿಂಗಳ ಜಡಿಮಳೆಯಲ್ಲಿ, ಊಟದ ಹೊತ್ತಿಗೆ, ಚಿಕ್ಕಯ್ಯ ಹೋದರು. ಕಡೆಯ ದಿನಗಳಲ್ಲಿ ಪ್ಯಾಂಟಿನ ಸುದ್ದಿ ಎತ್ತಬೇಕೆಂದು ಎಷ್ಟೋ ಸಲ ಹಾಸಿಗೆಯ ಹತ್ತಿರ ಕೂತಿದ್ದೆ. ಎತ್ತಲು ಬಿಡಲಿಲ್ಲ. "ಸಸಿ ಕೊಳಿತಾ ಇತ್ತಾ ಕಾಣ್" ಎಂದು, ಮುಂದಿನ ಬೆಳೆಗೆ ಮಳೆಯಲ್ಲಿ ಕಾಪಾಡುತ್ತಿದ್ದ ಸಸಿಗಳ ನೆವ ಹೇಳಿ, ಎಬ್ಬಿಸಿ ಕಳುಹಿಸುತ್ತಿದ್ದರು.

ಹದಿಮೂರನೆಯ ದಿನ ಕಳೆದ ಮೇಲೆ ಚಿಕ್ಕಮ್ಮ ಪೆಟ್ಟಿಗೆ ತೆಗೆದು ಪಂಚೆಗಳನ್ನು ಒಂದೊಂದಾಗಿ ಬಿಡಿಸಿ ಜೋಡಿಸಿದರು. ಒಂಬತ್ತು ಇದ್ದವು. ಎಂಟಕ್ಕೆ ಎಡ ಸೊಂಟದ ಹತ್ತಿರ ಕಲೆ. ಒಂಬತ್ತನೆಯದನ್ನು ಅವರು ಬಿಡಿಸಿ ನೋಡಿ, ನನ್ನ ಮಡಿಲಿಗೆ ಹಾಕಿದರು.

ಅದರ ಕಲೆ ಬಲಗಡೆ ಇತ್ತು.